ಸ್ಪಂಜಿನ ಬ್ರಷ್ಷು ಮತ್ತು ದೇವನಕೊಂಡದ ಸೋದರಮಾವ

ಮೊನ್ನೆ ಅಟ್ಟದ ಮೇಲೆ ಏನೋ ಹುಡುಕುತ್ತಿದ್ದಾಗ ಒಂದು ಪ್ಲಾಸ್ಟಿಕ್ ಚೀಲ ಕೈಗೆ ಸಿಕ್ಕಿತು. ಒಳಗೆ ಏಳು ಬ್ರಷ್ಷುಗಳು. ಕೂದಲಿನವಲ್ಲ, ಸ್ಪಂಜಿನವು. ಒಂದು ಮರದ ಕಡ್ಡಿ, ಅದರ ತುದಿಗೆ ಬೂದುಬಣ್ಣದ ಸ್ಪಂಜು, ಮುಂದುಗಡೆ ಇಳಿಜಾರಾಗಿ ಕತ್ತರಿಸಿದ್ದು. ಬೇಕರಿಯ ಕೇಕಿನ ತುಂಡಿಗೆ ಕಡ್ಡಿ ಚುಚ್ಚಿ ಐಸ್‌ಕ್ಯಾಂಡಿ ಅಂತ ಮಾರಿದ ಹಾಗಿದೆ. ನಾನು ತರಿಸಿದ್ದು ಹತ್ತರ ಪ್ಯಾಕೆಟ್ಟು. ಉಳಿದ ಮೂರು ಎಲ್ಲಿ ಹೋದವು ಎಂದು ಕೇಳುತ್ತೀರಿ, ಗೊತ್ತು. ಹೇಳುತ್ತೇನೆ. ಆದರೆ ನಗಬಾರದು. ನಕ್ಕರೂ ನಮ್ಮ ಅವ್ವನಷ್ಟು ಜೋರಾಗಿ ನಗಬಾರದು. ಆಕೆ ನಕ್ಕರೆ ಪಕ್ಕದ ಮನೆಯವರು ಕಾರಣ ಕೇಳಲು ಬರುತ್ತಾರೆ, ಆಕೆ ಹೇಳಿಯೂ ಬಿಡುತ್ತಾಳೆ.

ಆದೋನಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕರೆಂಟು ಇದ್ದಾಗ ಜೆರಾಕ್ಸ್ ಮಾಡುತ್ತೇನೆ, ಇಲ್ಲದಾಗ ಮೊಬೈಲಿನಲ್ಲಿ ವಿಡಿಯೊ ನೋಡುತ್ತೇನೆ. ಈ ಎರಡನೆಯ ಕಸುಬಿನಲ್ಲಿ ನನಗೆ ಅನುಭವ ಹೆಚ್ಚು. ಹಾಗೆ ನೋಡುವಾಗಲೇ ಒಬ್ಬ ಫಾರಿನ್ ಮನುಷ್ಯ ಸಿಕ್ಕಿದ್ದು. ಒಗೆದು ಇಸ್ತ್ರಿ ಮಾಡಿದ ಏಪ್ರನ್ ಹಾಕಿಕೊಂಡು, ಸ್ಪಂಜಿನ ಬ್ರಷ್ಷಿನಿಂದ ಮೇಜಿಗೆ ವಾರ್ನಿಶ್ ಹಚ್ಚುತ್ತಿದ್ದ. ಒಂದು ಗೆರೆ ಬೀಳಲಿಲ್ಲ, ಒಂದು ಕೂದಲು ಅಂಟಲಿಲ್ಲ, ಅವನ ಬೆರಳಿಗೆ ಒಂದು ಹನಿ ತಾಗಲಿಲ್ಲ. ನಾನೋ, ಇಡ್ಲಿಗೆ ಚಟ್ನಿ ಹಾಕಿಕೊಂಡರೂ ಅಂಗಿಯ ಮೇಲೆ ಎರಡು ಹನಿ ಬೀಳಿಸಿಕೊಳ್ಳುವವನು. ಅವನ ಬ್ರಷ್ಷು ನನ್ನ ಕೈಗೆ ಬಂದರೆ ಅವನ ಗುಣವೂ ಬರುತ್ತದೆ ಎಂದುಕೊಂಡೆ. ಆರ್ಡರ್ ಮಾಡಿದೆ.

ನಿಜ ಹೇಳಬೇಕೆಂದರೆ ನನಗೂ ಬಣ್ಣ ಬಳಿಯುವ ಕೆಲಸಕ್ಕೂ ಚಿಕ್ಕಂದಿನಿಂದ ಆಗಿಬಂದಿಲ್ಲ. ಆಗ ನಮ್ಮ ಮನೆಯಲ್ಲಿ ಬ್ರಷ್ಷೆಂದರೆ ಕತ್ತಾಳೆ ನಾರಿನದು. ಗೇಣುದ್ದದ ನಾರಿನ ಕಟ್ಟನ್ನು ಅವ್ವ ಕಲ್ಲಿನ ಮೇಲಿಟ್ಟು ಜಜ್ಜಿ, ತುದಿ ಬಿಡಿಸಿ, ಸುಣ್ಣದ ಬಕೆಟ್ಟಿನಲ್ಲಿ ಅದ್ದಿ ಕೈಗೆ ಕೊಡುತ್ತಿದ್ದಳು. ಒಂದು ಸಲ ಬೀಸಿದರೆ ಅರ್ಧ ಸುಣ್ಣ ಗೋಡೆಗೆ, ಅರ್ಧ ನನಗೆ. ದಸರೆ ಮುಗಿದು ಎಂಟು ದಿನವಾದರೂ ನನ್ನ ಕಿವಿಯ ಹಿಂದೆ ಸುಣ್ಣವಿರುತ್ತಿತ್ತು. ಗೋಡೆಯದು ಮಾತ್ರ ಅಷ್ಟರಲ್ಲಿ ಉದುರಿರುತ್ತಿತ್ತು.

ನಾಗಲದಿನ್ನೆಯ ಅಜ್ಜಿಯ ಮನೆಯಲ್ಲಿದ್ದು ಮೂರನೇ ಕ್ಲಾಸು ಓದಿದ ವರ್ಷ ಇನ್ನೊಂದು ಸಾಹಸವಾಯಿತು. ಅಲ್ಲಿ ಶಾಲೆಯ ಕರಿಹಲಗೆಗೆ ಬಣ್ಣವೆಂದರೆ ತೊಂಡೆ ಎಲೆ ಮತ್ತು ಇದ್ದಿಲು. ಎರಡನ್ನೂ ಅರೆದು ಬಟ್ಟೆಯಿಂದ ಹಲಗೆಗೆ ತಿಕ್ಕಬೇಕು. ಆ ಶನಿವಾರ ನನ್ನ ಪಾಳಿ. ತಿಕ್ಕಿದೆ, ಕಪ್ಪಾಯಿತು, ಆದರೆ ಹೊಳಪು ಬರಲಿಲ್ಲ. ಅಜ್ಜಿ ನನ್ನ ತಲೆಗೆ ಹರಳೆಣ್ಣೆ ಹಚ್ಚಿದಾಗ ತಲೆ ಹೊಳೆಯುತ್ತದಲ್ಲ, ಹಲಗೆ ಏನು ಪಾಪ ಮಾಡಿದೆ ಎಂದು ಒಂದು ಬಟ್ಟಲು ಹರಳೆಣ್ಣೆ ತಂದು ಹಚ್ಚಿದೆ. ಸೋಮವಾರ ಮೇಷ್ಟ್ರು ಲೆಕ್ಕ ಬರೆಯಲು ಹೋದರು. ಸೀಮೆಸುಣ್ಣ ಜಾರಿತು. ಮತ್ತೆ ಬರೆದರು, ಮತ್ತೆ ಜಾರಿತು. ಎಂಟು ದಿನ ನಮಗೆ ಲೆಕ್ಕವಿಲ್ಲ. ಆ ಎಂಟು ದಿನ ಕ್ಲಾಸಿನ ಹುಡುಗರು ನನ್ನನ್ನು ದೇವರಂತೆ ಕಂಡರು, ಬುಡ್ಡಶೇಂಗಾ ತಂದು ಕೊಟ್ಟರು. ಒಂಬತ್ತನೆಯ ದಿನ ಮೇಷ್ಟ್ರಿಗೆ ಗೊತ್ತಾಯಿತು. ಮುಂದಿನದು ನಿಮಗೆ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯದ ಹೆಸರು ಗಿರಿಜಾ, ಊರು ದೇವನಕೊಂಡ.

ಹುಡುಗಿ ನೋಡಲು ಹೋದಾಗ ನಾನು ಏನು ಕೇಳಬೇಕು ಎಂದು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅವಲಕ್ಕಿಯ ತಟ್ಟೆ ಇಟ್ಟು ಆಕೆಯೇ ಮೊದಲು ಕೇಳಿಬಿಟ್ಟಳು.

“ನಿಮ್ಮ ಅಂಗಡ್ಯಾಗ ಕಲರ್ ಜೆರಾಕ್ಸ್ ಐತೇನ್ರಿ?”

“ಇಲ್ರಿ. ಬರೇ ಕಪ್ಪು-ಬಿಳುಪು.”

“ಹಂಗಾರ ಮುಖ ಯಾಕ ಅಷ್ಟು ಕೆಂಪಗ ಮಾಡ್ಕೊಂಡೀರಿ?”

ಅಲ್ಲಿಗೆ ನನ್ನ ಕಥೆ ಮುಗಿಯಿತು. ಬಾಯಿಪಾಠ ಮಾಡಿದ್ದು ಮರೆಯಿತು, ಅವಲಕ್ಕಿ ಗಂಟಲಲ್ಲಿ ನಿಂತಿತು. ಮದುವೆಯಾದರೆ ಇವಳನ್ನೇ ಎಂದು ಕೆಮ್ಮುತ್ತಲೇ ನಿಶ್ಚಯ ಮಾಡಿದೆ. ಆಕೆಗೂ ಒಪ್ಪಿಗೆಯಾಯಿತು, ಎರಡೂ ಮನೆಯ ಹೆಂಗಸರಿಗೆ ಒಪ್ಪಿಗೆಯಾಯಿತು. ಉಳಿದವರು ಒಬ್ಬರೇ, ಗಿರಿಜಾಳ ಸೋದರಮಾವ ಬಸಣ್ಣ. ತಂದೆ ಇಲ್ಲದ ಹುಡುಗಿಯನ್ನು ಅವರೇ ಬೆಳೆಸಿದ್ದರು, ಅವರು ಹೂಂ ಅನ್ನದೆ ಆ ಮನೆಯಲ್ಲಿ ಏನೂ ನಡೆಯುವುದಿಲ್ಲ. ನಮ್ಮ ಕಡೆ ಮಾತು ಮುಗಿಸುವ ಮುಂಚೆ ಹುಡುಗಿಯ ಕಡೆಯ ಹಿರಿಯರು ಬಂದು ಹುಡುಗನ ಮನೆ ನೋಡಿ ಹೋಗುತ್ತಾರೆ. ಬಸಣ್ಣ ಹಳೇ ಕಾಲದವರು. ಮಾತು ಮುಗಿಯುವ ತನಕ ಹುಡುಗನ ಮನೆಯಲ್ಲಿ ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ಒಪ್ಪಿದಂತೆ. ನನಗಿಂತ ಮುಂಚಿನ ಒಬ್ಬ ಹುಡುಗನ ಮನೆಯಲ್ಲಿ ಬಚ್ಚಲಿನ ನಲ್ಲಿ ಸೋರುತ್ತಿತ್ತಂತೆ. “ನಲ್ಲಿ ರಿಪೇರಿ ಮಾಡಸಲಾರದವ ಹೆಂಡ್ತಿನ ಏನು ನೋಡ್ಕೋತಾನ” ಎಂದು ಬಾಯಿ ಒಣಗಿಸಿಕೊಂಡೇ ಎದ್ದು ಹೋಗಿದ್ದರಂತೆ.

ನಾನು ಕೂಡಲೇ ಮನೆಯ ನಲ್ಲಿಗಳನ್ನೆಲ್ಲ ಎಷ್ಟು ಬಿಗಿ ಮಾಡಿದೆನೆಂದರೆ ಎರಡು ದಿನ ಯಾರಿಗೂ ಸ್ನಾನ ಮಾಡಲಾಗಲಿಲ್ಲ. ಆಮೇಲೆ ಕಣ್ಣು ಪಡಸಾಲೆಯ ಬೆಂಚಿನ ಮೇಲೆ ಬಿತ್ತು. ಸಾಗವಾನಿ ಬೆಂಚು, ತಾತನ ಕಾಲದ್ದು. ಹತ್ತಿ ವ್ಯಾಪಾರಿಗಳು ಕೂತು ಕೂತು ಅದರ ಮೇಲೆ ನಾಲ್ಕು ತಗ್ಗು ಬಿದ್ದಿದ್ದವು, ಬಣ್ಣ ಹೋಗಿ ಮುದಿ ಎಮ್ಮೆಯ ಬೆನ್ನಿನ ಹಾಗಾಗಿತ್ತು. ಬಸಣ್ಣ ಬಂದರೆ ಕೂರುವುದು ಅದರ ಮೇಲೆಯೇ. ಅದನ್ನು ಕನ್ನಡಿಯ ಹಾಗೆ ಹೊಳೆಯಿಸಿದರೆ ಗಿರಿಜಾ ನಮ್ಮ ಮನೆಗೆ ಬಂದಂತೆಯೇ ಎಂದು ನನ್ನ ಲೆಕ್ಕ.

ನಮ್ಮ ಓಣಿಯಲ್ಲಿ ಮೌಲಾಸಾಬ್ ಚಾಚಾ ಇದ್ದಾರೆ. ನಾನು ಹುಟ್ಟುವ ಮುಂಚಿನಿಂದಲೂ ಮರಕ್ಕೆ ಪಾಲಿಶ್ ಹಾಕುವವರು. ಒಂದು ಹಿಡಿ ಹತ್ತಿಯನ್ನು ಹಳೇ ಧೋತರದ ತುಂಡಿನಲ್ಲಿ ಉಂಡೆ ಕಟ್ಟಿ ತಿಕ್ಕುತ್ತಾರೆ, ಅವರಿಗೆ ಅದೇ ಬ್ರಷ್ಷು. ನಾನು ಉಪ್ಪುಕಾಗದದಿಂದ ಬೆಂಚು ಉಜ್ಜುತ್ತಿದ್ದಾಗ ಬಾಗಿಲಲ್ಲಿ ನಿಂತು ನನ್ನ ಪ್ಯಾಕೆಟ್ಟನ್ನು ನೋಡಿದರು.

“ಬೇಟಾ, ಇದೇನು? ಭಾಂಡಿ ತಿಕ್ಕೋದಾ?”

“ಪಾಲಿಶ್ ಹಚ್ಚೋದು ಚಾಚಾ. ಫಾರಿನ್ ಪದ್ಧತಿ.”

“ಹತ್ತಿ ಊರಾಗ ಹುಟ್ಟಿ ಸ್ಪಂಜು ತರಿಸಿಯಲ್ಲೋ! ಮಾರ್ಕೆಟ್ ಯಾರ್ಡಿನಾಗಿನ ಹತ್ತಿ ಚೀಲ ಕೇಳಿಸ್ಕೊಂಡ್ರ ಅಳ್ತಾವ ನೋಡು.”

“ಹತ್ತಿಗೆ ಎಳಿ ಬಿಡ್ತೈತಿ ಚಾಚಾ. ಇದರಾಗ ಒಂದು ಗೆರಿನೂ ಬೀಳಂಗಿಲ್ಲ.”

“ಅಚ್ಛಾ. ಬೇಕಾದ್ರ ಕರಿ,” ಎಂದು ಎರಡು ಹೆಜ್ಜೆ ಹೋಗಿ ತಿರುಗಿದರು. “ಬ್ಯಾಡಾದ್ರೂ ಕರೀತಿ.”

ಮೊದಲನೆಯ ಬ್ರಷ್ಷನ್ನು ಥಿನ್ನರಿನ ಡಬ್ಬಿಯಲ್ಲಿ ನೆನೆಯಿಟ್ಟು ಚಹ ಕುಡಿಯಲು ಹೋದೆ. ಬಂದು ನೋಡಿದರೆ ಡಬ್ಬಿಯಲ್ಲಿ ಕಡ್ಡಿಯೊಂದೇ ನಿಂತಿದೆ, ಸ್ಪಂಜು ಬೆಲ್ಲದ ಪಾಕವಾಗಿ ತಳದಲ್ಲಿ ಮಲಗಿದೆ. ಎರಡನೆಯದನ್ನು ಅವ್ವ “ಎಷ್ಟು ಮೆತ್ತಗೈತೋ!” ಎಂದು ಒಯ್ದು ಕಾದ ದೋಸೆ ಹಂಚಿಗೆ ಎಣ್ಣೆ ಸವರಿದಳು. ಸಂಜೆಯವರೆಗೂ ಮನೆಯಲ್ಲಿ ಟೈರು ಸುಟ್ಟ ವಾಸನೆ. ಆ ದೋಸೆಯನ್ನು ನಾಯಿಗೆ ಹಾಕಿದರೆ ಅದು ಮೂಸಿ ನೋಡಿ ಓಣಿಯನ್ನೇ ಬಿಟ್ಟುಹೋಯಿತು.

ಮೂರನೆಯದನ್ನು ಹಿಡಿದಾಗ ಎಚ್ಚರವಾಗಿದ್ದೆ. ವಾರ್ನಿಶ್ ಗಟ್ಟಿಯಿತ್ತು. ಫಾರಿನ್ನವನು ಅದಕ್ಕೆ ಅಗಸೆ ಎಣ್ಣೆ ಬೆರೆಸಿದ್ದು ನೆನಪಿತ್ತು. ಎರಡು ಅಂಗಡಿ ಕೇಳಿದೆ, ಎರಡರಲ್ಲೂ ಅಗಸೆ ಚಟ್ನಿಪುಡಿ ತೋರಿಸಿದರು. ಆಗ ನನ್ನೊಳಗಿನ ಸೀಮೆಯ ಅಭಿಮಾನ ಎದ್ದಿತು. ಸುತ್ತ ನೂರು ಹಳ್ಳಿ ಶೇಂಗಾ ಬೆಳೆಯುವಾಗ ನಾನು ಬೇರೆ ಎಣ್ಣೆಗೆ ಕೈಚಾಚುವುದೆ? ಅಡುಗೆಮನೆಗೆ ಹೋದೆ. ಹಿಂದಿನ ದಿನ ಮಂಡಕ್ಕಿ ಉಗ್ಗಾಣಿಯ ಜೊತೆಗೆ ಅವ್ವ ಮೆಣಸಿನಕಾಯಿ ಬಜ್ಜಿ ಕರಿದು ಉಳಿದ ಶೇಂಗಾ ಎಣ್ಣೆ ಬಾಣಲೆಯಲ್ಲೇ ಇತ್ತು. ಸೋಸಿದೆ. ನೋಡಿ, ಸೋಸುವಷ್ಟು ಬುದ್ಧಿ ಇತ್ತು. ಅರ್ಧಕ್ಕರ್ಧ ಬೆರೆಸಿದೆ.

ಹಚ್ಚುವಾಗ ಎಂಥ ಸುಖ ಅಂತೀರಿ! ಸ್ಪಂಜು ಬೆಣ್ಣೆಯ ಹಾಗೆ ಜಾರಿತು. ಚಾಚಾ ಒಂದು ಕೋಟು ಹಾಕಿ ಒಂದು ದಿನ ಕಾಯುತ್ತಾರೆ, ನಾನು ಒಂದೇ ಬೆಳಿಗ್ಗೆ ಐದು ಕೋಟು ಹಾಕಿದೆ. ಐದನೆಯದಕ್ಕೆ ಸ್ಪಂಜು ಕಡ್ಡಿಯಿಂದ ಕಳಚಿ ಬೆಂಚಿಗೇ ಅಂಟಿತು, ಉಗುರಿನಿಂದ ಕೆರೆದು ತೆಗೆದೆ. ಬೆಂಚು ಹೊಳೆದ ಹೊಳಪಿಗೆ ಅಪ್ಪ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿದ.

ಎರಡು ದಿನ ಕಾದೆ. ಒಣಗಲಿಲ್ಲ. ಮೂರನೆಯ ದಿನ ಒಂದು ನೊಣ ಬಂದು ಕೂತಿತು. ಏಳಲಿಲ್ಲ. ನಾನು ಹೆದರಿ ಬೆಂಚಿನ ತುಂಬ ಕೇರಂ ಬೋರ್ಡಿಗೆ ಹಾಕುವ ಪೌಡರ್ ಉದುರಿಸಿ ಒರೆಸಿದೆ. ಮುಟ್ಟಿದರೆ ನುಣ್ಣಗೆ ಅನ್ನಿಸಿತು. ನಾಲ್ಕನೆಯ ದಿನ ಬೆಳಿಗ್ಗೆ ಬಸಣ್ಣ ಬಂದೇ ಬಿಟ್ಟರು, ಜೊತೆಗೆ ಗಿರಿಜಾಳ ಅಜ್ಜಿ ಗಂಗಮ್ಮ.

ಗಂಜಿ ಹಾಕಿದ ಬಿಳಿ ಧೋತರ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಬಸಣ್ಣ ನಕ್ಕಿದ್ದನ್ನು ಯಾರೂ ಕಂಡಿಲ್ಲವೆಂದು ಗಿರಿಜಾ ಫೋನಿನಲ್ಲಿ ಮೊದಲೇ ಎಚ್ಚರಿಸಿದ್ದಳು. ಅವ್ವ ಬೆಂಚಿನ ಮೇಲೆ ಹಾಸಲು ಜಮಖಾನ ತಂದಳು. ನಾನು ಕಸಿದುಕೊಂಡೆ.

“ಹೊಳಪು ಕಾಣಬ್ಯಾಡೇನಬೇ?”

ಅಪ್ಪ ಕಿವಿಯಲ್ಲಿ ಕೇಳಿದ, “ಒಣಗೈತೇನೋ?”

“ಕಲ್ಲಾಗೈತಪ್ಪಾ.”

ಬಸಣ್ಣ ಮನೆಯೆಲ್ಲ ನೋಡಿದರು. ಬಚ್ಚಲಿನ ನಲ್ಲಿ ತಿರುಗಿಸಲು ಹೋದರು, ಅದು ಒಂದು ಕೈಗೆ ತಿರುಗಲಿಲ್ಲ. ಬಂದು ಬೆಂಚಿನ ನಡುಮಧ್ಯೆ ಭಾರವಾಗಿ ಕೂತರು. ಅಜ್ಜಿ ಮೊಣಕಾಲು ನೋವೆಂದು ಪ್ಲಾಸ್ಟಿಕ್ ಕುರ್ಚಿ ಕೇಳಿದಳು. ಒಂದು ತಾಸು ಮಾತಾಯಿತು. ಅಷ್ಟರಲ್ಲಿ ಬಸಣ್ಣ ಎರಡು ಸಲ ಮೂಗೇರಿಸಿದರು.

“ಬಜ್ಜಿ ಕರೀತೀರೇನವ್ವಾ?”

“ಇಲ್ರೀ ಅಣ್ಣಾರ,” ಎಂದಳು ಅವ್ವ. “ನೀವು ಏನೂ ಮುಟ್ಟಂಗಿಲ್ಲಂತ ಒಲಿನೇ ಹಚ್ಚಿಲ್ಲ.”

“ವಾಸನಿ ಬರ್ತೈತಿ.”

ಅವರ ಮೈಯ ಕಾವು ತಗುಲಿ ಬೆಂಚು ಬಾಯಿ ಬಿಡುತ್ತಿದೆ ಎಂದು ಗೊತ್ತಿದ್ದವನು ನಾನೊಬ್ಬನೇ.

ಕೊನೆಗೆ ಬಸಣ್ಣ ಟವೆಲ್ ಕೊಡವಿಕೊಂಡರು. “ಬರ್ತೀವಿ. ಊರಿಗೆ ಹೋಗಿ ಹೇಳಿ ಕಳಸ್ತೀವಿ,” ಎನ್ನುತ್ತ ಎದ್ದರು. ಎದ್ದರು ಅಂದರೆ, ಅವರ ಮೇಲ್ಭಾಗ ಎದ್ದಿತು. ಧೋತರ ಏಳಲಿಲ್ಲ. ಇನ್ನೊಮ್ಮೆ ಜೋರು ಹಾಕಿದರು. ಬೆಂಚಿನ ಒಂದು ಕಡೆಯ ಕಾಲು ನೆಲ ಬಿಟ್ಟಿತು, ಬಸಣ್ಣ ತಿರುಗಿ ದೊಪ್ಪನೆ ಕೂತರು. ಸಿಟ್ಟು ಬಂದರೆ ಅವರಿಗೆ ತೆಲುಗು ಬರುತ್ತದೆ.

“ಏಂದಬ್ಬಾ ಇದಿ?”

ಅಪ್ಪನಿಗೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಇದು: “ಪಾಲಿಶ್ ಮೌಲಾಸಾಬ್ ಮಾಡಿದ್ದುರೀ! ಅಂವಗ ಎಷ್ಟು ಹೇಳಿದ್ರೂ ಹಿಂಗ.”

ನಾನು ಸುಮ್ಮನಿದ್ದೆ. ಗಿರಿಜಾಳ ಮುಖ ಕಣ್ಣ ಮುಂದೆ ಬಂತು, ಸುಮ್ಮನಿದ್ದೆ. ಅವ್ವ ಓಡಿಹೋಗಿ ಚಾಚಾನನ್ನು ಕರೆತಂದಳು. ಚಾಚಾ ಹತ್ತಿಯ ಉಂಡೆ, ಟರ್ಪೆಂಟೈನ್ ಬಾಟಲಿ ಹಿಡಿದೇ ಬಂದರು. ಬಸಣ್ಣ ಕೂತಲ್ಲಿಂದಲೇ ಶುರು ಮಾಡಿದರು.

“ಏನಪಾ, ಇಷ್ಟು ವಯಸ್ಸಾಗೈತಿ. ಕೆಲಸ ಬರಲಿಲ್ಲಂದ್ರ ಬಿಡಬೇಕು. ಮಂದಿ ಮರ್ಯಾದಿ ತೆಗೀತಾರೇನು?”

ಚಾಚಾ ಬೆಂಚಿನ ಅಂಚನ್ನು ಬೆರಳಿನಿಂದ ಸವರಿ ಮೂಸಿದರು. ನನ್ನ ಕಡೆ ನೋಡಿದರು. ಬಿಳಿ ಬಟ್ಟೆಯ ಬಸಣ್ಣನನ್ನು, ಕುರ್ಚಿಯ ಅಜ್ಜಿಯನ್ನು ನೋಡಿದರು. ಎಲ್ಲ ತಿಳಿಯಿತು ಅವರಿಗೆ.

“ತಪ್ಪಾಯ್ತ್ರಿ ಮಾಲಕ್ರೇ,” ಎಂದರು. “ಈಗೀಗ ಕೈ ನಡಗ್ತದ.”

ಆ ಕೈ ನಡುಗಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಆದೋನಿಯ ಅರ್ಧ ಮನೆಗಳ ದೇವರ ಕೋಣೆಯ ಬಾಗಿಲುಗಳ ಮೇಲೆ ಆ ಕೈಯ ಕೆಲಸವಿದೆ. ಗಿರಿಜಾ ಕೈತಪ್ಪಿ ಹೋದಳು ಎಂದು ಗೊತ್ತಾಯಿತು, ಬಾಯಿ ಮಾತ್ರ ನಿಲ್ಲಲಿಲ್ಲ.

“ಚಾಚಾಂದು ಏನೂ ತಪ್ಪಿಲ್ರಿ. ಮಾಡಿದ್ದು ನಾನು.”

ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಜನ್ಮಕ್ಕೆ ನಿಲ್ಲಿಸುವುದು ಬರುವುದಿಲ್ಲ. ಸ್ಪಂಜಿನ ಬ್ರಷ್ಷು, ಥಿನ್ನರಿನ ಪಾಕ, ಸೋಸಿದ ಬಜ್ಜಿ ಎಣ್ಣೆ, ಐದು ಕೋಟು, ಕೇರಂ ಪೌಡರ್, ಎಲ್ಲ ಹೇಳಿದೆ. ಏಳದೆ ಹೋದ ನೊಣದ ಸಂಗತಿಯನ್ನೂ ಹೇಳಿದೆ.

ಬಸಣ್ಣ ಕೂತಲ್ಲೇ ಬಗ್ಗಿ ಬೆಂಚಿನ ಎರಡೂ ಕಡೆ ನೋಡಿದರು.

“ಆ ನೊಣ ಎಲ್ಲೈತಿ?”

“ನಿಮ್ಮ ಎಡಗಡಿ ತೊಡಿ ಕೆಳಗ ಐತ್ರಿ.”

ಗಂಗಮ್ಮಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪ್ರಯೋಜನವಾಗಲಿಲ್ಲ. ಆಕೆ ನಕ್ಕಳು, ಅವ್ವ ನಕ್ಕಳು, ಪಕ್ಕದ ಮನೆಯವರು ಕಾರಣ ಕೇಳಲು ಬಂದರು. ಬಸಣ್ಣ ನಗಲಿಲ್ಲ.

ಧೋತರ ಬಿಚ್ಚದೆ ಬಿಡುಗಡೆಯಿಲ್ಲ ಎಂದರು ಚಾಚಾ. ಹೆಂಗಸರು ಒಳಗೆ ಹೋದರು. ಉಡಲು ಅಪ್ಪನ ಲುಂಗಿ ಕೊಡೋಣವೆಂದರೆ, ಮನೆ ಸ್ವಚ್ಛ ಕಾಣಲೆಂದು ಅವ್ವ ಬೆಳಿಗ್ಗೆಯೇ ಮನೆಯ ಬಟ್ಟೆಯನ್ನೆಲ್ಲ ನೀರಿಗೆ ಹಾಕಿದ್ದಳು. ಒಣಗಿದ್ದು ಒಂದೇ, ಆನ್‌ಲೈನಿನಲ್ಲಿ ತರಿಸಿ ನನಗೆ ಎರಡು ಸೈಜು ದೊಡ್ಡದಾಗಿದ್ದ ಟ್ರ್ಯಾಕ್ ಪ್ಯಾಂಟು. ಗಿಳಿಹಸಿರು ಬಣ್ಣ, ಪಕ್ಕದಲ್ಲಿ ಕಿತ್ತಳೆ ಪಟ್ಟಿ, ಎಡಗಾಲಿನ ಉದ್ದಕ್ಕೂ ಇಂಗ್ಲಿಷಿನಲ್ಲಿ ಚಾಂಪಿಯನ್ ಎಂದು ದಪ್ಪ ಅಕ್ಷರ. ಬಸಣ್ಣನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಚಾಚಾ ಹತ್ತಿಯಿಂದ ಒತ್ತಿ ಒತ್ತಿ ಧೋತರ ಬಿಡಿಸಿದರು. ನಡುವಿನ ಒಂದು ತಟ್ಟೆಯಗಲದ ತುಂಡು ಬೆಂಚಿನ ಮೇಲೇ ಉಳಿಯಿತು. ಬಸಣ್ಣ ಉಳಿದದ್ದನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಮೌಲಾಸಾಬ್ ಚಾಚಾನ ಹತ್ತಿರ ಹೋಗಿ, “ತಪ್ಪು ತಿಳ್ಕೋಬ್ಯಾಡ್ರಿ ಹಿರಿಯರೇ,” ಎಂದು ಕೈಮುಗಿದರು. ಬಾಗಿಲಲ್ಲಿ ಅವ್ವ ನೀರಿನ ಚೊಂಬು ಹಿಡಿದು ನಿಂತಳು. ಅವರು ತಲೆಯಾಡಿಸಿ ದಾಟಿಹೋದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಗಿಳಿಹಸಿರು ಚಾಂಪಿಯನ್. ಬಸ್‌ಸ್ಟ್ಯಾಂಡಿನ ತನಕ ಓಣಿ ಓಣಿಯೇ ನಿಂತು ನೋಡಿತು.

ನೀರು ಮುಟ್ಟಲಿಲ್ಲ. ಅಂದರೆ ಮುಗಿಯಿತು.

ಆಮೇಲೆ ಮೂರು ದಿನ ದೇವನಕೊಂಡದಿಂದ ಸುದ್ದಿಯಿಲ್ಲ. ಗಿರಿಜಾ ಫೋನೂ ಮಾಡಲಿಲ್ಲ, ನನಗೆ ಮಾಡುವ ಧೈರ್ಯವಿರಲಿಲ್ಲ. ಅಂಗಡಿಯಲ್ಲಿ ಒಬ್ಬರ ಆಧಾರ್ ಕಾರ್ಡಿಗೆ ಇನ್ನೊಬ್ಬರ ಹಿಂಭಾಗ ಜೆರಾಕ್ಸ್ ಮಾಡಿಕೊಟ್ಟೆ. ಮಧ್ಯಾಹ್ನ ಶಟರ್ ಎಳೆದು ಬಂದು ಚಾಚಾನ ಜೊತೆ ಬೆಂಚು ಕೆರೆಯುತ್ತ ಕೂತೆ. ಅವರು ಹತ್ತಿಯನ್ನು ಉಂಡೆ ಕಟ್ಟುವುದು ಹೇಗೆಂದು ತೋರಿಸಿದರು. ಮೂರು ಸಲ ಕಟ್ಟಿದೆ, ಮೂರು ಸಲ ಬಿಚ್ಚಿಕೊಂಡಿತು. ಬೈಯಲಿಲ್ಲ ಅವರು. ಬೈದಿದ್ದರೆ ವಾಸಿಯಿತ್ತು. “ನೀವ್ಯಾಕ ಚಾಚಾ ಹಂಗ ಹೇಳಿದ್ರಿ?” ಎಂದು ಕೇಳಿದೆ.

“ನನಗೇನು ಬೇಟಾ, ಮದುವಿ ಆಗಿ ಹೋಗ್ಯಾದ,” ಎಂದರು.

ನಾಲ್ಕನೆಯ ದಿನ ಗಿರಿಜಾಳ ಫೋನು ಬಂತು. ಕೈಯೆಲ್ಲ ಟರ್ಪೆಂಟೈನ್. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

“ಏನ್ರೀ, ಬದುಕೀರಾ?”

“ಮಾವಾರು ಏನಂದ್ರು, ಅದನ್ನ ಹೇಳ್ರಿ ಮೊದಲು.”

“ಏನೂ ಅಂದಿಲ್ಲ. ಬಂದ ದಿನದಿಂದ ಆ ಪ್ಯಾಂಟ್ ಬಿಚ್ಚವಲ್ಲ. ಹೊಲಕ್ಕೂ ಅದ, ಚಾದಂಗಡಿಗೂ ಅದ. ಕಾಲಾಗ ಗಾಳಿ ಚೆಂದ ಆಡ್ತೈತಂತ.”

“ಅಯ್ಯೋ, ಪ್ಯಾಂಟ್ ಹೋಗ್ಲಿ ಬಿಡ್ರಿ. ನಮ್ಮ ಮಾತು ಏನಾತು?”

“ಅದನ್ನ ಹೇಳಾಕ ಹತ್ತೀನಿ, ತಡೀರಿ. ನಿನ್ನಿ ಅಜ್ಜಿ ಅಂದ್ಲು, ‘ಬಸ್ಯಾ, ಸಾಕು ಮಾಡೋ. ಅದನ್ನ ಒಗದು ಮಡಚಿ ಆದೋನಿಗೆ ಕಳಿಸು, ಮಂದಿದು’ ಅಂತ.”

ಚಾಚಾನ ಕೈ ಬೆಂಚಿನ ಮೇಲೆ ನಿಂತಿತು.

“ಅದಕ್ಕ ಮಾವಾರು?”

ಆ ಕಡೆ ಆಕೆ ನಗು ತಡೆದುಕೊಳ್ಳುವುದು ಕೇಳಿಸುತ್ತಿತ್ತು.

“ನಮ್ಮ ಮಾವ ಅಂದಾನ, ‘ಬೀಗರು ಉಡಿಸಿದ ಬಟ್ಟಿ ಯಾರಾದ್ರೂ ವಾಪಸ್ ಕಳಸ್ತಾರೇನಬೇ?’”